ಕತೆ ಕೇಳಲು ಮಕ್ಕಳಿದ್ದರೆ: ಆಸ್ಟ್ರೇಲಿಯಾದ ಮೂಲನಿವಾಸಿ ಭಾಷೆಗಳ ಇವತ್ತಿನ ಪ್ರಶ್ನೆ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಆದರ್ಟನ್ ಎಂಬ ಪ್ರಸ್ಥಭೂಮಿ ಇದೆ. ಅದರ ಮೇಲೆ ಮೂರು ದುಂಡನೆಯ ಕೆರೆಗಳು. ಜ್ವಾಲಾಮುಖಿ ಸಿಡಿದು ಬಿದ್ದ ಕುಳಿಗಳಲ್ಲಿ ನೀರು ನಿಂತು ಆದ ಕೆರೆಗಳು ಅವು. ಸುತ್ತ ದಟ್ಟ ಮಳೆಕಾಡು. 1960ರ ದಶಕದಲ್ಲಿ ಆರ್. ಎಂ. ಡಬ್ಲ್ಯು. ಡಿಕ್ಸನ್ ಎಂಬ ಭಾಷಾವಿಜ್ಞಾನಿ ಅಲ್ಲಿನ ಙಜೊನ್ ಜನರ ಹಿರಿಯರೊಬ್ಬರಿಂದ ಈ ಕೆರೆಗಳು ಹುಟ್ಟಿದ ಕತೆ ಕೇಳಿ ಬರೆದುಕೊಂಡರು. ಹೊಸದಾಗಿ ದೀಕ್ಷೆ ಪಡೆದ ಇಬ್ಬರು ಹುಡುಗರು ಕಟ್ಟಳೆ ಮುರಿಯುತ್ತಾರೆ. ಕಾಮನಬಿಲ್ಲಿನ ಹಾವಿಗೆ ಸಿಟ್ಟು ಬರುತ್ತದೆ. ಬಿರುಗಾಳಿ ಏಳುತ್ತದೆ, ನೆಲ ಬಿರಿಯುತ್ತದೆ, ಬೀಡುಬಿಟ್ಟಿದ್ದ ಜನರನ್ನು ಭೂಮಿ ನುಂಗುತ್ತದೆ. ಇಷ್ಟು ಹೇಳಿದ ಮೇಲೆ ಆ ಹಿರಿಯರು ಇನ್ನೊಂದು ಮಾತು ಸೇರಿಸಿದರು. ಇದೆಲ್ಲ ನಡೆದಾಗ ಇಲ್ಲಿ ಈ ದಟ್ಟ ಕಾಡು ಇರಲಿಲ್ಲ, ಬರೀ ಬಯಲು ಕುರುಚಲು ಇತ್ತು ಅಂತ.

ಆ ಮಾತು ಆಗ ವಿಚಿತ್ರವಾಗಿ ಕಂಡಿತು. ಕಾಡು ಅನಾದಿ ಕಾಲದ್ದು ಅಂತಲೇ ಎಲ್ಲರೂ ತಿಳಿದಿದ್ದರು. ಆಮೇಲೆ ಕೆರೆಯ ತಳದ ಕೆಸರಿನಲ್ಲಿ ಸಿಕ್ಕ ಹಳೆಯ ಪರಾಗವನ್ನು ವಿಜ್ಞಾನಿಗಳು ಪರೀಕ್ಷೆ ಮಾಡಿದರು. ಅಲ್ಲಿನ ಮಳೆಕಾಡಿನ ವಯಸ್ಸು ಸುಮಾರು 7,600 ವರ್ಷ ಮಾತ್ರ ಅಂತ ಗೊತ್ತಾಯಿತು. ಕೆರೆಗಳು ಅದಕ್ಕಿಂತ ಹಳೆಯವು. ಅಂದರೆ ಕತೆ ಹೇಳಿದವರ ಮಾತು ನಿಜವಾಗಿತ್ತು.

ಇಂಥ ಸುದ್ದಿ ಓದಿದಾಗ ನಮಗೆಲ್ಲ ರೋಮಾಂಚನವಾಗುತ್ತದೆ. ಹಂಚಿಕೊಳ್ಳುತ್ತೇವೆ, ಮರೆಯುತ್ತೇವೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬರವಣಿಗೆಯೇ ಇಲ್ಲದೆ ಒಂದು ಕತೆ ಅಷ್ಟು ಕಾಲ ಉಳಿದಿದ್ದು ಹೇಗೆ? ಹಾಗೆ ಉಳಿಸಿದ ಏರ್ಪಾಡು ಈಗ ಏನಾಗಿದೆ?

ಮೊದಲ ಪ್ರಶ್ನೆಗೆ ಬರೋಣ. ಸುಮಾರು 20,000 ವರ್ಷಗಳ ಹಿಂದೆ ಭೂಮಿಯ ನೀರು ಜಾಸ್ತಿ ಹಿಮವಾಗಿದ್ದಾಗ ಕಡಲ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮ ಕರಗಿತು, ಕಡಲು ಏರಿತು, ಸುಮಾರು 7,000 ವರ್ಷಗಳ ಹಿಂದೆ ಈಗಿನ ಮಟ್ಟಕ್ಕೆ ಬಂದು ನಿಂತಿತು. ಆಸ್ಟ್ರೇಲಿಯಾದ ತೀರದ ಸುತ್ತ ಕಡಲು ನೆಲವನ್ನು ನುಂಗಿದ ಕತೆಗಳು ತುಂಬಾ ಇವೆ. ಪ್ಯಾಟ್ರಿಕ್ ನನ್ ಎಂಬ ಭೂವಿಜ್ಞಾನಿ ಮತ್ತು ನಿಕೊಲಸ್ ರೀಡ್ ಎಂಬ ಭಾಷಾವಿಜ್ಞಾನಿ ಸೇರಿ ಅಂಥ 21 ಜಾಗಗಳ ಕತೆಗಳನ್ನು ಒಟ್ಟುಗೂಡಿಸಿದರು. ದಕ್ಷಿಣ ಆಸ್ಟ್ರೇಲಿಯಾದ ಙರಿಂಜೆರಿ ಜನರ ಕತೆ ಅವುಗಳಲ್ಲಿ ಒಂದು. ಙುರುಂಡೆರಿ ಎಂಬ ಮೂಲಪುರುಷನಿಂದ ಅವನ ಇಬ್ಬರು ಹೆಂಡಂದಿರು ತಪ್ಪಿಸಿಕೊಂಡು ಓಡುತ್ತಾರೆ. ಈಗ ಕಾಂಗರೂ ದ್ವೀಪ ಅಂತ ಕರೆಯುವ ನೆಲಕ್ಕೆ ಅವರು ಆಗ ನಡೆದೇ ಹೊರಡುತ್ತಾರೆ. ಅವನು ಗುಡುಗಿನ ದನಿಯಲ್ಲಿ ನೀರಿಗೆ ಏಳು ಅನ್ನುತ್ತಾನೆ. ನೀರು ಏಳುತ್ತದೆ. ಮುಳುಗಿದ ಆ ಹೆಂಗಸರು ಬಂಡೆಗಳಾಗುತ್ತಾರೆ. ಆ ಬಂಡೆ ದ್ವೀಪಗಳು ಇವತ್ತಿಗೂ ಅಲ್ಲೇ ಇವೆ. ಕಾಂಗರೂ ದ್ವೀಪ ಮುಖ್ಯಭೂಮಿಯಿಂದ ಬೇರೆಯಾಗಿ ಸುಮಾರು ಹತ್ತು ಸಾವಿರ ವರ್ಷಗಳಾದವು.

ಬಾಯಿಮಾತಿನ ಕತೆ ಇಷ್ಟು ಕಾಲ ಉಳಿಯುವುದು ಅಸಾಧ್ಯ ಅನ್ನುವ ವಿದ್ವಾಂಸರೂ ಇದ್ದಾರೆ. ತೀರದಲ್ಲಿ ಬದುಕುವವರು ಎದುರಿನ ದ್ವೀಪವನ್ನು ನೋಡಿ ಕತೆ ಕಟ್ಟಿರಬಹುದಲ್ವಾ ಅನ್ನುವ ಸಂದೇಹವನ್ನು ಸುಮ್ನೆ ತಳ್ಳಿಹಾಕಲು ಬರುವುದಿಲ್ಲ. ಒಂದೊಂದು ಕತೆಯನ್ನೇ ಹಿಡಿದರೆ ನನಗೂ ಆ ಸಂದೇಹ ಬರುತ್ತದೆ. ಆದರೆ ಸಾವಿರಾರು ಕಿಲೋಮೀಟರ್ ದೂರದ, ಬೇರೆ ಬೇರೆ ಭಾಷೆಯ ಜನ ಎಲ್ಲರೂ ಕಡಲು ಏರಿತು ಅಂತಲೇ ಹೇಳುತ್ತಾರೆ. ಇದು ಬರೀ ಊಹೆಯಿಂದ ಹುಟ್ಟಿದ್ದು ಅಂತ ಒಪ್ಪಲು ನನಗೆ ಕಷ್ಟವಾಗುತ್ತದೆ.

ಇನ್ನೂ ಮುಖ್ಯವಾದದ್ದು ಕತೆಯನ್ನು ಕಾಯುವ ವ್ಯವಸ್ಥೆ. ಮಧ್ಯ ಆಸ್ಟ್ರೇಲಿಯಾದ ವರ್ಲ್‌ಪಿರಿ ಜನರಲ್ಲಿ ಪ್ರತಿ ಜಾಗಕ್ಕೆ, ಆ ಜಾಗದ ಕತೆಗೆ, ಹಾಡಿಗೆ, ಕುಣಿತಕ್ಕೆ ಎರಡು ಬಗೆಯ ಹೊಣೆಗಾರರು ಇರುತ್ತಾರೆ. ಒಬ್ಬರು ಕಿರ್ದ. ತಂದೆಯ ಕಡೆಯಿಂದ ಅದು ಅವರಿಗೆ ಬಂದಿರುತ್ತದೆ. ಇನ್ನೊಬ್ಬರು ಕುರ್ದುಂಗುರ್ಲು. ತಾಯಿಯ ಕಡೆಯಿಂದ ಅವರಿಗೆ ಆ ಜಾಗದ ಸಂಬಂಧ. ಕಿರ್ದ ಹಾಡುವಾಗ, ಹೇಳುವಾಗ ತಪ್ಪಾಗದಂತೆ ನೋಡಿಕೊಳ್ಳುವುದು ಕುರ್ದುಂಗುರ್ಲು ಕೆಲಸ. ಹೇಳುವವನ ಪಕ್ಕದಲ್ಲೇ ತಿದ್ದುವವನು ಕೂತಿರುತ್ತಾನೆ. ಇಂಥ ಏರ್ಪಾಡಿನಲ್ಲಿ ಒಬ್ಬನ ಮನಸ್ಸಿಗೆ ಬಂದ ಹಾಗೆ ಕತೆ ಬದಲಾಗುವುದಿಲ್ಲ. ರೀಡ್ ಅವರೂ ತಮ್ಮ ವಾದದಲ್ಲಿ ಈ ರೀತಿಯ ನೆಂಟಸ್ತನದ ಕಾವಲಿಗೆ ಜಾಸ್ತಿ ತೂಕ ಕೊಟ್ಟಿದ್ದಾರೆ.

ಎರಡನೆಯ ಕಾವಲು ನೆಲದ್ದೇ. ಈ ಕತೆಗಳು 'ಒಂದಾನೊಂದು ಊರಿನಲ್ಲಿ' ಅಂತ ಶುರುವಾಗುವುದಿಲ್ಲ. ಇದೇ ಬಂಡೆ, ಇದೇ ನೀರಿನ ಗುಂಡಿ, ಇದೇ ದಿಬ್ಬ. ಕತೆಯ ದಾರಿ ಹಿಡಿದು ನಡೆದರೆ ಒಂದು ನೀರಿನ ಗುಂಡಿಯಿಂದ ಮುಂದಿನ ನೀರಿನ ಗುಂಡಿ ಸಿಗುತ್ತದೆ. ಮರುಭೂಮಿಯಲ್ಲಿ ಇದು ಸಾವು ಬದುಕಿನ ತಿಳಿವಳಿಕೆ. ಏಳು ಅಕ್ಕತಂಗಿಯರ ಕತೆಯನ್ನು ತೆಗೆದುಕೊಳ್ಳಿ. ಪಿಚಂಚಚರ ಭಾಷೆಯಲ್ಲಿ ಅವರ ಹೆಸರು ಕುಂಗ್ಕರಂಗ್ಕಲ್ಪ. ಮಾಟ ಬಲ್ಲ ಗಂಡಸೊಬ್ಬ ಅವರ ಬೆನ್ನು ಹತ್ತುತ್ತಾನೆ. ಅವರು ಪಶ್ಚಿಮದ ಮರುಭೂಮಿಗಳನ್ನು ದಾಟಿ ಓಡುತ್ತಾರೆ. ಅವರು ಕೂತಲ್ಲಿ, ಅಗೆದಲ್ಲಿ, ಅಡಗಿದಲ್ಲಿ ಒಂದೊಂದು ಗುರುತು ಬಿದ್ದಿದೆ. ಕೊನೆಗೆ ಆಕಾಶಕ್ಕೆ ಏರಿ ನಕ್ಷತ್ರಗಳಾಗುತ್ತಾರೆ. ನಾವು ಕೃತ್ತಿಕೆ ಅನ್ನುವ ನಕ್ಷತ್ರಗಳೇ ಅವು. ಒಬ್ಬರ ನೆಲ ಮುಗಿದಲ್ಲಿ ಅವರ ಕತೆಯೂ ನಿಲ್ಲುತ್ತದೆ. ಮುಂದಿನ ಭಾಗ ಮುಂದಿನ ಜನರದ್ದು, ಅವರ ಭಾಷೆಯಲ್ಲಿ. 2017ರಲ್ಲಿ ಕ್ಯಾನ್‌ಬೆರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಈ ಕತೆಯ ದಾರಿಯ ಮೇಲೆ ದೊಡ್ಡ ಪ್ರದರ್ಶನ ನಡೆಯಿತು. ತಮ್ಮ ಮೊಮ್ಮಕ್ಕಳಿಗೆ ಈ ಕತೆ ತಪ್ಪಿಹೋಗಬಾರದು ಎಂಬ ಆತಂಕದಿಂದ ಮರುಭೂಮಿಯ ಹಿರಿಯರೇ ಅದನ್ನು ಬಯಸಿದ್ದರು.

ಕತೆ ಹೇಳುವುದು ಬರೀ ಬಾಯಿಯ ಕೆಲಸವೂ ಅಲ್ಲ. ಮಧ್ಯ ಆಸ್ಟ್ರೇಲಿಯಾದ ಹೆಂಗಸರು ಮುಂದಿನ ಮರಳನ್ನು ಅಂಗೈಯಿಂದ ಸವರಿ ಸಮ ಮಾಡುತ್ತಾರೆ. ಬೆರಳಿನಿಂದ ಗೆರೆ ಎಳೆಯುತ್ತಾರೆ. ಕುದುರೆ ಲಾಳದ ಆಕಾರ ಬರೆದರೆ ಒಬ್ಬರು ಕೂತಿದ್ದಾರೆ ಅಂತ ಅರ್ಥ. ಎಲೆ, ಕಡ್ಡಿಗಳು ಪಾತ್ರಗಳಾಗುತ್ತವೆ. ಒಂದು ದೃಶ್ಯ ಮುಗಿಯಿತು ಅಂದರೆ ಮರಳನ್ನು ಸವರಿ ಅಳಿಸುತ್ತಾರೆ, ಮುಂದಿನದು ಶುರು. ನಡುನಡುವೆ ಹಾಡು, ನಡುನಡುವೆ ಕೈಸನ್ನೆ. ವರ್ಲ್‌ಪಿರಿ ಹೆಂಗಸರಿಗೆ ಪೂರ್ತಿ ಒಂದು ಕೈಭಾಷೆಯೇ ಇದೆ. ಗಂಡ ಸತ್ತ ಮೇಲೆ ಶೋಕದ ಕಾಲದಲ್ಲಿ ಹೆಂಗಸರು ತಿಂಗಳುಗಟ್ಟಲೆ ಮಾತಾಡದೆ ಆ ಕೈಭಾಷೆಯಲ್ಲೇ ಬದುಕು ನಡೆಸುತ್ತಿದ್ದರು.

ಕೈಸನ್ನೆ ಅಂದಾಗ ಗೂಗು ಯಿಮಿದಿರ್ ಭಾಷೆಯ ಒಂದು ಪ್ರಸಂಗ ಹೇಳಲೇಬೇಕು. ಕ್ವೀನ್ಸ್‌ಲ್ಯಾಂಡಿನ ಕುಕ್‌ಟೌನ್ ಸುತ್ತಲಿನ ಭಾಷೆ ಇದು. 'ಕಾಂಗರೂ' ಎಂಬ ಪದ ಜಗತ್ತಿಗೆ ಬಂದದ್ದು ಇದೇ ಭಾಷೆಯಿಂದ, 1770ರಲ್ಲಿ. ಆ ಪದಕ್ಕೆ 'ನನಗೆ ಗೊತ್ತಿಲ್ಲ' ಎಂಬ ಅರ್ಥ ಇದೆ ಅನ್ನುವ ಕತೆ ನಮ್ಮಲ್ಲೂ ಓಡಾಡುತ್ತದೆ. ಅದು ಸುಳ್ಳು. 'ಗಂಗುರು' ಅಂದರೆ ಒಂದು ಜಾತಿಯ ಕಾಂಗರೂಗೆ ಅವರು ಇಟ್ಟ ಹೆಸರು, ಅಷ್ಟೇ. ಈ ಭಾಷೆಯವರು ಎಡ, ಬಲ ಅಂತ ದಾರಿ ಹೇಳುವುದಿಲ್ಲ. ಎಲ್ಲಕ್ಕೂ ದಿಕ್ಕು. ಕಾಲಿನ ಹತ್ತಿರ ಇರುವೆ ಇದ್ದರೆ 'ನಿನ್ನ ಪಡುವಣ ಕಾಲಿನ ಹತ್ತಿರ' ಅನ್ನುವ ಹಾಗೆ. ಅಲ್ಲಿನ ಒಬ್ಬ ಕತೆಗಾರರು ತಮ್ಮ ದೋಣಿ ಕಡಲಲ್ಲಿ ಮಗುಚಿದ ಕತೆಯನ್ನು ಎರಡು ವರ್ಷಗಳ ಅಂತರದಲ್ಲಿ ಎರಡು ಸಲ ಹೇಳಿದರು. ಎರಡನ್ನೂ ಸಂಶೋಧಕರು ಚಿತ್ರೀಕರಿಸಿದ್ದರು. ಮೊದಲ ಸಲ ಅವರು ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದರು. ದೋಣಿ ಮಗುಚಿದ್ದನ್ನು ತೋರಿಸುವಾಗ ಕೈ ಮುಂದಕ್ಕೆ ಉರುಳಿತು. ಎರಡನೆಯ ಸಲ ಉತ್ತರಕ್ಕೆ ಮುಖ. ಕೈ ಬಲದಿಂದ ಎಡಕ್ಕೆ ಉರುಳಿತು. ಎರಡೂ ಸಲ ದೋಣಿ ಪೂರ್ವದಿಂದ ಪಶ್ಚಿಮಕ್ಕೇ ಮಗುಚಿತ್ತು! ನಿಜವಾಗಿ ಮಗುಚಿದ ದಿಕ್ಕು ಅದೇ. ಈ ಕತೆಯನ್ನು ಇಂಗ್ಲಿಷಿಗೋ ಕನ್ನಡಕ್ಕೋ ತಂದರೆ ಘಟನೆ ಬರುತ್ತದೆ, ಆದರೆ ದಿಕ್ಕು ಜಾರಿಹೋಗುತ್ತದೆ. ಕತೆಯೇ ನಕ್ಷೆಯಾಗಿರುವ ಕಡೆ ದಿಕ್ಕು ಹೋದರೆ ಉಳಿಯುವುದೇನು?

ಅನುವಾದದಲ್ಲಿ ಹೋದದ್ದು ಅದೊಂದೇ ಅಲ್ಲ. ಲೋಕ ರೂಪುಗೊಂಡ ಕಾಲ, ಅದರ ಕಟ್ಟಳೆ, ನೆಲದ ಜೊತೆಗಿನ ನಂಟು ಎಲ್ಲವನ್ನೂ ಸೇರಿಸಿ ವರ್ಲ್‌ಪಿರಿಯವರು ಜುಕುರ್‌ಪ ಅನ್ನುತ್ತಾರೆ, ಪಿಚಂಚಚರದವರು ಚುಕುರ್‌ಪ ಅನ್ನುತ್ತಾರೆ. 1890ರ ದಶಕದಲ್ಲಿ ಅರೆಂಟೆ ಭಾಷೆಯ ಇಂಥದ್ದೇ ಒಂದು ಪದವನ್ನು ಬಿಳಿಯರು 'ಡ್ರೀಮ್‌ಟೈಮ್' ಅಂತ ಅನುವಾದಿಸಿದರು. ಕನಸಿನ ಕಾಲ! ಅಲ್ಲಿಂದ ಇವು ಕನಸಿನಂಥ ಮುದ್ದಾದ ಕಟ್ಟುಕತೆಗಳು ಎಂಬ ಭಾವನೆ ಬೇರೂರಿತು. ಜುಕುರ್‌ಪ ಅಂದರೆ ಮುಗಿದುಹೋದ ಕಾಲವಲ್ಲ, ಈಗಲೂ ನಡೆಯುತ್ತಿರುವ ಕಾನೂನು. ವಾಯುವ್ಯದ ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದರು. ತಮ್ಮ ನೆಲದ ಹಕ್ಕಿಗಾಗಿ 1997ರಲ್ಲಿ ಅವರು ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಒಂದು ಚಿತ್ರ ಬರೆದರು. ಅದರ ಹೆಸರು ಙುರಾರ ಕ್ಯಾನ್ವಾಸ್. ಅಹವಾಲು ಹೇಳುವಾಗ ಒಬ್ಬೊಬ್ಬರೂ ಆ ಚಿತ್ರದಲ್ಲಿ ತಮ್ಮ ನೆಲ ಇರುವ ಜಾಗದ ಮೇಲೆ ಹೋಗಿ ನಿಂತು ಅಲ್ಲಿನ ಕತೆಯನ್ನು ತಮ್ಮ ಭಾಷೆಯಲ್ಲೇ ಹೇಳಿದರು. ಹತ್ತು ವರ್ಷಗಳ ನಂತರ, 2007ರಲ್ಲಿ, ನೆಲದ ಹಕ್ಕು ಅವರಿಗೆ ಸಿಕ್ಕಿತು.

ಇಲ್ಲಿ ಕನ್ನಡದವರಿಗೆ ಒಂದು ಸಣ್ಣ ವಿಷಯ. ಙಜೊನ್, ಙುರುಂಡೆರಿ, ಙುರಾರ ಅಂತ ಓದುವಾಗ ನಾಲಿಗೆ ತಡವರಿಸಿತಾ? ಕ ಖ ಗ ಘ ಙ ಅಂತ ಬಾಯಿಪಾಠ ಮಾಡಿ ಆಮೇಲೆ ನಾವು ಕೈಬಿಟ್ಟ ಅದೇ ಅಕ್ಷರ. ಆ ಭಾಷೆಗಳಲ್ಲಿ ಪದಗಳು ಅದರಿಂದಲೇ ಶುರುವಾಗುತ್ತವೆ. ಪಿಚಂಚಚರದಲ್ಲಿ 'ನಾನು' ಅನ್ನಲು 'ಙಾಯುಲು'. ನಮ್ಮ ಟ, ಣ, ಳ ದಂಥ ನಾಲಿಗೆ ಮಡಿಸುವ ದನಿಗಳೂ ಅಲ್ಲಿ ಹೇರಳ. ಇಂಗ್ಲಿಷ್ ಲಿಪಿಯಲ್ಲಿ ಅವನ್ನು ತೋರಿಸಲು ಅಕ್ಷರದ ಕೆಳಗೆ ಗೆರೆ ಎಳೆಯಬೇಕು, ಇಲ್ಲವೇ ಪಕ್ಕದಲ್ಲಿ ಇನ್ನೊಂದು ಅಕ್ಷರ ಸೇರಿಸಬೇಕು. ಈ ಹೋಲಿಕೆಗಳನ್ನು, ಮುಖ್ಯವಾಗಿ 'ನಾನು', 'ನೀನು' ಪದಗಳನ್ನು ನೋಡಿ, ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ 19ನೇ ಶತಮಾನದಲ್ಲೇ ಎರಡಕ್ಕೂ ನಂಟು ಇರಬಹುದು ಅಂದಿದ್ದರು. ಇವತ್ತಿನ ಭಾಷಾವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ನಾನೂ ಅದನ್ನು ಎಳೆದು ದೊಡ್ಡದು ಮಾಡಲಾರೆ. ನೆಂಟಸ್ತನ ಇಲ್ಲದಿದ್ದರೂ ಈ ಹೆಸರುಗಳನ್ನು ಹೆಚ್ಚುಕಡಿಮೆ ಸರಿಯಾಗಿ ಬರೆಯಲು ನಮ್ಮ ಲಿಪಿಗೆ ಸಾಧ್ಯ. ಅದೇ ನನಗೆ ಖುಷಿಯ ವಿಷಯ.

ಈಗ ಎರಡನೆಯ ಪ್ರಶ್ನೆ. 1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ಬಂದು ಇಳಿದಾಗ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಮರುವರ್ಷವೇ ಸಿಡ್ನಿ ಸುತ್ತ ಸಿಡುಬು ಬಂದು ಜನ ರಾಶಿರಾಶಿಯಾಗಿ ಸತ್ತರು. ಆಮೇಲೆ ಕೊಲೆಗಳು, ನೆಲದಿಂದ ಓಡಿಸಿದ್ದು, ಮಿಷನ್‌ಗಳಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಲಗಿಸಿದ್ದು. 1910ರಿಂದ 1970ರ ನಡುವೆ ಸರ್ಕಾರಗಳೇ ಮಕ್ಕಳನ್ನು ಮನೆಗಳಿಂದ ಕಿತ್ತುಕೊಂಡು ಹೋದವು. ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದು ಮಗುವಿನವರೆಗೆ ಹೀಗೆ ಹೋಗಿರಬಹುದು ಅಂತ 1997ರ ರಾಷ್ಟ್ರೀಯ ವಿಚಾರಣಾ ವರದಿ ಹೇಳಿತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ವಿರಾಜುರಿ ಎಂಬ ಮೂಲನಿವಾಸಿ ಜನರ ಹಿರಿಯ ಸ್ಟ್ಯಾನ್ ಗ್ರಾಂಟ್ ಸೀನಿಯರ್ ತಮ್ಮ ತಾತನ ಬಗ್ಗೆ ಒಂದು ಮಾತು ಹೇಳಿದ್ದಾರೆ. ತಾತ ಮೊಮ್ಮಗನನ್ನು ವಿರಾಜುರಿಯಲ್ಲಿ ಕರೆದರು. ಪೊಲೀಸರ ಕಿವಿಗೆ ಬಿತ್ತು. ತಾತನನ್ನು ಒಳಗೆ ಹಾಕಿದರು. ಅಲ್ಲಿಂದ ಮುಂದೆ ಅವರು ಎಲ್ಲರೆದುರು ಆ ಭಾಷೆ ಆಡಲಿಲ್ಲ. ಮೇಲೆ ಹೇಳಿದ ಎರಡೂ ಕಾವಲುಗಳು ಮುರಿದದ್ದು ಹೀಗೆ. ನೆಲ ಹೋಯಿತು, ತಿದ್ದುವ ನೆಂಟರು ಹೋದರು, ಕೇಳುವ ಮಗುವೂ ಹೋಯಿತು.

ಈಗಿನ ಲೆಕ್ಕ ನೋಡಿ. 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬಳಕೆಯಲ್ಲಿರುವ ಅಥವಾ ಮತ್ತೆ ಬಳಕೆಗೆ ತರುತ್ತಿರುವ ಭಾಷೆಗಳು 123. ಅವುಗಳಲ್ಲಿ ಮಕ್ಕಳು ಮನೆಮಾತಾಗಿ ಕಲಿಯುತ್ತಿರುವ, ಸ್ವಲ್ಪ ಗಟ್ಟಿಯಾಗಿರುವ ಹಳೆಯ ಭಾಷೆಗಳು ಬರೀ 12. 2021ರ ಜನಗಣತಿಯಲ್ಲಿ ಮನೆಯಲ್ಲಿ ಇಂಥ ಭಾಷೆ ಆಡುತ್ತೇವೆ ಅಂದ ಮೂಲನಿವಾಸಿಗಳು 76,978.

123 ಮತ್ತು 12. ಈ ಎರಡು ಸಂಖ್ಯೆಗಳ ನಡುವೆ ಇವತ್ತಿನ ಸಮಸ್ಯೆ ಇದೆ.

ಒಂದು ಕಡೆ ನಿಜಕ್ಕೂ ಸಂತೋಷದ ಸುದ್ದಿಗಳಿವೆ. ಅಡಿಲೇಡ್ ನಗರದ ಕೌರ್ನ ಭಾಷೆಯನ್ನು ಸರಾಗವಾಗಿ ಆಡುತ್ತಿದ್ದ ಕೊನೆಯವರು ಅಂತ ಹೇಳಲಾಗುವ ಇವಾರಿಜಿ 1929ರಲ್ಲಿ ತೀರಿಕೊಂಡರು. ಆದರೆ 1840ರಲ್ಲಿ ಇಬ್ಬರು ಜರ್ಮನ್ ಪಾದ್ರಿಗಳು ಆ ಭಾಷೆಯ ವ್ಯಾಕರಣ ಮತ್ತು ಸುಮಾರು 2,000 ಪದಗಳನ್ನು ಅಚ್ಚು ಹಾಕಿಸಿದ್ದರು. 1990ರ ಸುಮಾರಿಗೆ ಕೌರ್ನ ಹಿರಿಯರು ಮತ್ತು ರಾಬ್ ಅಮೆರಿ ಎಂಬ ಭಾಷಾವಿಜ್ಞಾನಿ ಅದನ್ನು ಹಿಡಿದು ಹಾಡು ಕಟ್ಟಿದರು, ಪಾಠ ಮಾಡಿದರು. ಇವತ್ತು ಅಡಿಲೇಡಿನಲ್ಲಿ ಜನ 'ನೀನ ಮಾರ್ನಿ' ಅಂತ ಕ್ಷೇಮ ಕೇಳುವುದುಂಟು. ಸಿಡ್ನಿಯ ಭಾಷೆಗೂ ಇಂಥದ್ದೇ ಆಧಾರ ಸಿಕ್ಕಿತು. 1790ರ ಸುಮಾರಿಗೆ ಪಟೆಗರಾಂಗ್ ಎಂಬ ಹುಡುಗಿ ವಿಲಿಯಂ ಡಾಸ್ ಎಂಬ ನೌಕಾಪಡೆಯ ಅಧಿಕಾರಿಗೆ ತನ್ನ ಭಾಷೆ ಕಲಿಸಿದಳು. ಅವನ ಟಿಪ್ಪಣಿ ಪುಸ್ತಕಗಳು ಲಂಡನ್ನಿನಲ್ಲಿವೆ. ಅದರಲ್ಲಿ 'ಪುಟುವಾ' ಅಂತ ಒಂದು ಪದ ಇದೆ. ಬೆಂಕಿಗೆ ಕೈ ಕಾಯಿಸಿ, ಆ ಬೆಚ್ಚನೆಯ ಕೈಯಿಂದ ಇನ್ನೊಬ್ಬರ ಬೆರಳುಗಳನ್ನು ಮೆಲ್ಲಗೆ ಅದುಮುವುದು. ಇದನ್ನು ಮೊದಲು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತಿದ್ದೆ.

ನ್ಯೂ ಸೌತ್ ವೇಲ್ಸ್ ರಾಜ್ಯ 2017ರಲ್ಲಿ ಮೂಲನಿವಾಸಿ ಭಾಷೆಗಳಿಗಾಗಿಯೇ ಕಾನೂನು ಮಾಡಿತು. ಆಸ್ಟ್ರೇಲಿಯಾದಲ್ಲಿ ಅಂಥದ್ದು ಅದೇ ಮೊದಲು. 2022ರಲ್ಲಿ ಕಾಫ್ಸ್ ಹಾರ್ಬರ್‌ನಲ್ಲಿ ಗುಂಬಯಿಂಗಿರ್ ಮತ್ತು ಇಂಗ್ಲಿಷ್ ಎರಡರಲ್ಲೂ ಕಲಿಸುವ ಶಾಲೆ ಶುರುವಾಯಿತು. ಸಭೆ ಸಮಾರಂಭಗಳಲ್ಲಿ ಆ ನೆಲದ ಜನರನ್ನು ನೆನೆಯುವ ರೂಢಿ ಎಲ್ಲ ಕಡೆ ಇದೆ. ಸಿಡ್ನಿ, ಮೆಲ್ಬರ್ನ್‌ನಲ್ಲಿರುವ ಕನ್ನಡಿಗರ ಮಕ್ಕಳೂ ಶಾಲೆಯಲ್ಲಿ ಅದನ್ನು ಕೇಳುತ್ತಾರೆ.

ಇನ್ನೊಂದು ಕಡೆ ಉತ್ತರದಲ್ಲಿ, ಮಧ್ಯದ ಮರುಭೂಮಿಯಲ್ಲಿ, ಭಾಷೆ ಇನ್ನೂ ಮನೆಯಲ್ಲೇ ಬದುಕಿರುವ ಕಡೆ, ಸರ್ಕಾರದ ನಡೆ ಬೇರೆಯೇ ಆಗಿತ್ತು. ನಾರ್ದರ್ನ್ ಟೆರಿಟರಿಯಲ್ಲಿ 1973ರಲ್ಲಿ ಎರಡು ಭಾಷೆಗಳ ಶಾಲೆಗಳು ಶುರುವಾದವು. ಮಗು ಮೊದಲು ಮನೆಮಾತಿನಲ್ಲಿ ಓದು ಬರಹ ಕಲಿತು ಆಮೇಲೆ ಇಂಗ್ಲಿಷಿಗೆ ಹೋಗುವುದು ಅದರ ಕ್ರಮ. ಹಳ್ಳಿಯವರೇ ಶಿಕ್ಷಕರಾದರು. ಶಾಲೆಯಲ್ಲೇ ಪುಸ್ತಕ ಬರೆದು, ಚಿತ್ರ ಬಿಡಿಸಿ, ಅಚ್ಚು ಹಾಕಿದರು. 1998ರಲ್ಲಿ ಅಲ್ಲಿನ ಸರ್ಕಾರ ಇದನ್ನು ನಿಲ್ಲಿಸುತ್ತೇವೆ ಅಂತ ಘೋಷಿಸಿತು. ಜನ ತಿರುಗಿಬಿದ್ದ ಮೇಲೆ ಕೆಲವು ಶಾಲೆಗಳು ಹೇಗೋ ಉಳಿದವು. 2008ರಲ್ಲಿ ದೇಶದ ಮಕ್ಕಳಿಗೆಲ್ಲ ಒಂದೇ ಪರೀಕ್ಷೆ ಬಂತು, ಇಂಗ್ಲಿಷಿನಲ್ಲಿ. ಮರುಭೂಮಿಯ ಮಕ್ಕಳ ಅಂಕ ಕಡಿಮೆ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಆದೇಶ ಬಂತು. ದಿನದ ಮೊದಲ ನಾಲ್ಕು ಗಂಟೆ ಪಾಠ ಇಂಗ್ಲಿಷಿನಲ್ಲೇ ನಡೆಯಬೇಕು. ಪ್ರಧಾನಿ ಕ್ಷಮೆ ಕೇಳಿದ ಅದೇ 2008. ಕೆಲವು ವರ್ಷಗಳ ನಂತರ ಆದೇಶ ಸಡಿಲವಾಯಿತು. ಅಷ್ಟರಲ್ಲಿ ಅನುಭವಿ ಶಿಕ್ಷಕರು ದೂರ ಸರಿದಿದ್ದರು.

ಇಂಗ್ಲಿಷ್ ಬೇಡ ಅಂತ ಅಲ್ಲಿನ ಯಾವ ತಂದೆತಾಯಿಯೂ ಹೇಳುವುದಿಲ್ಲ. ಆಸ್ಪತ್ರೆಗೆ, ಕೋರ್ಟಿಗೆ, ಕೆಲಸಕ್ಕೆ ಅದು ಬೇಕು. ಆದರೆ ಐದು ವರ್ಷದ ಮಗುವಿಗೆ ಒಂದು ಪದವೂ ಅರ್ಥವಾಗದ ಭಾಷೆಯಲ್ಲಿ ದಿನದ ಒಳ್ಳೆಯ ನಾಲ್ಕು ಗಂಟೆ ಪಾಠ ಮಾಡಿದರೆ ಅದಕ್ಕೆ ಇಂಗ್ಲಿಷೂ ಬರುವುದಿಲ್ಲ, ತನ್ನ ಭಾಷೆಯ ಮೇಲೆ ಗೌರವವೂ ಉಳಿಯುವುದಿಲ್ಲ. ಸತ್ತ ಭಾಷೆಗೆ ಜೀವ ತುಂಬಲು ದುಡ್ಡು ಕೊಡುವುದು ಒಳ್ಳೆಯದೇ. ಆ ಕೆಲಸವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಉಸಿರಾಡುತ್ತಿರುವ ಹನ್ನೆರಡು ಭಾಷೆಗಳ ಮಕ್ಕಳಿಗೆ ಅವರ ಭಾಷೆಯಲ್ಲೇ ಗಟ್ಟಿ ಶಾಲೆ ಕೊಡದಿದ್ದರೆ, ಮುಂದಿನ ತಲೆಮಾರು ಅವನ್ನೂ ಹಳೆಯ ಟಿಪ್ಪಣಿಗಳಿಂದ ಹುಡುಕಿ ತೆಗೆಯಬೇಕಾಗುತ್ತದೆ. ಕೌರ್ನದವರು ಮೂವತ್ತು ವರ್ಷಕ್ಕೂ ಮೀರಿ ಪಟ್ಟ ಪಾಡು ನೋಡಿದರೆ ಅದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಧ್ವನಿಮುದ್ರಣ ಇದೆಯಲ್ಲ, ಅಷ್ಟು ಸಾಲದೇ ಅನ್ನಬಹುದು. ಸಾಲದು. ಯಾವ ಕತೆಯನ್ನು ಯಾರು ಹೇಳಬಹುದು, ಯಾರು ಕೇಳಬಹುದು ಎಂಬ ಕಟ್ಟಳೆ ಇದೆ. ಹೆಂಗಸರದ್ದು ಬೇರೆ, ಗಂಡಸರದ್ದು ಬೇರೆ. ಉಲುರು ಬಂಡೆಯ ಸುತ್ತಲಿನ ಕತೆಗಳಲ್ಲಿ ಹೊರಗಿನವರಿಗೆ ಹೇಳುವುದು ಮಕ್ಕಳಿಗೆ ಹೇಳುವಷ್ಟು ಮಾತ್ರ. ಸತ್ತವರ ಹೆಸರನ್ನು ಶೋಕದ ಕಾಲದಲ್ಲಿ ಬಾಯಿಗೆ ತರುವಂತಿಲ್ಲ. ವರ್ಲ್‌ಪಿರಿಯಲ್ಲಿ ಆ ಹೆಸರಿನ ಬದಲು 'ಕುಮುಂಜಾಯಿ' ಅನ್ನುತ್ತಾರೆ, ಆ ಹೆಸರಿನಂತೆ ಕೇಳುವ ಪದಗಳನ್ನೂ ಬಿಡುತ್ತಾರೆ. ಸಂಗ್ರಹಾಲಯದ ಕಪಾಟಿನಲ್ಲಿರುವ ಟೇಪು ಇದನ್ನೆಲ್ಲ ತಾನೇ ಪಾಲಿಸಲಾರದು. ಅದಕ್ಕೆ ಭಾಷೆ ಗೊತ್ತಿರುವ ಮನುಷ್ಯರು ಪಕ್ಕದಲ್ಲಿರಬೇಕು.

ಮಕ್ಕಳು ಸುಮ್ಮನೆ ಕೂತಿಲ್ಲ ಅನ್ನುವುದೂ ನಿಜ. ಲಾಜಮಾನು ಎಂಬ ದೂರದ ಊರಿನಲ್ಲಿ ಕಳೆದ ಕೆಲವು ದಶಕಗಳಲ್ಲಿ ಮಕ್ಕಳು ವರ್ಲ್‌ಪಿರಿ, ಕ್ರಿಯೋಲ್ (ಇಂಗ್ಲಿಷಿನಿಂದ ಹುಟ್ಟಿದ ಅಲ್ಲಿನ ಬೆರಕೆ ಭಾಷೆ) ಮತ್ತು ಇಂಗ್ಲಿಷನ್ನು ಬೆರೆಸಿ ಹೊಸ ಭಾಷೆಯನ್ನೇ ಮಾಡಿಕೊಂಡಿದ್ದಾರೆ. ಅದಕ್ಕೆ ತನ್ನದೇ ವ್ಯಾಕರಣ ಇದೆ. ಲೈಟ್ ವರ್ಲ್‌ಪಿರಿ ಅಂತ ಅದನ್ನು ಕರೆಯುತ್ತಾರೆ. ಈ ಮಕ್ಕಳು ಹಳೆಯ ವರ್ಲ್‌ಪಿರಿಯನ್ನೂ ಕಲಿಯುತ್ತಾರೆ. ಹೊಸ ಭಾಷೆ ಹಳೆಯದನ್ನು ತಿಂದುಹಾಕುತ್ತದೆಯೋ ಜೊತೆಗೆ ಬಾಳುತ್ತದೆಯೋ ಎಂಬುದು ಅವರಿಗೆ ಹಳೆಯದನ್ನು ಕೇಳುವ ಅವಕಾಶ ಎಷ್ಟು ಸಿಗುತ್ತದೆ ಎಂಬುದರ ಮೇಲೆ ನಿಂತಿದೆ.

ಆ ಅವಕಾಶವನ್ನು ವರ್ಲ್‌ಪಿರಿಯವರು ತಾವೇ ಮಾಡಿಕೊಂಡಿದ್ದಾರೆ. ಅವರ ನೆಲದಲ್ಲಿ ಚಿನ್ನದ ಗಣಿ ಇದೆ. ಅದರಿಂದ ಬರುವ ರಾಯಧನದಲ್ಲಿ ಒಂದು ಪಾಲನ್ನು ಮಕ್ಕಳ ಓದಿಗೆ ಇಡಬೇಕು ಅಂತ ವರ್ಲ್‌ಪಿರಿ ಶಿಕ್ಷಕಿಯರು, ಹಿರಿಯ ಹೆಂಗಸರು ಹಟ ಹಿಡಿದರು. 2005ರಲ್ಲಿ ಅದಕ್ಕಾಗಿ ಒಂದು ನಿಧಿ ಆಯಿತು. ಯುಂಡುಮು, ಲಾಜಮಾನು, ವಿಲೋರ, ನಿರ್ಪಿ ಎಂಬ ನಾಲ್ಕು ಊರುಗಳ ಶಾಲೆಗಳಿಗೆ ಆ ದುಡ್ಡು ಹೋಗುತ್ತದೆ. ವರ್ಲ್‌ಪಿರಿ ಪುಸ್ತಕಕ್ಕೆ, ಪಾಠ ಮಾಡುವ ಹಿರಿಯರ ಸಂಬಳಕ್ಕೆ, ಮಕ್ಕಳ ಪ್ರಯಾಣಕ್ಕೆ. ಹಿರಿಯರು ಮಕ್ಕಳನ್ನು ಕರೆದುಕೊಂಡು ಕತೆ ಹುಟ್ಟಿದ ಜಾಗಕ್ಕೇ ಹೋಗುತ್ತಾರೆ. ಆ ಬಂಡೆ, ಆ ನೀರಿನ ಗುಂಡಿ ತೋರಿಸುತ್ತಾರೆ. ಆ ಜಾಗದ ಹೊಣೆ ಹೊತ್ತವರು ಕತೆ ಹೇಳುತ್ತಾರೆ.